ಕಚ್ಚುವ ವೈನ್

ಭರಣಿಯ ಬಾಯಿಯಲ್ಲಿ ಕೊಬ್ಬು ಚಳಿಗೆ ಬಿಗಿದು ಬಿಳಿಗಲ್ಲಿನಂತಾಗಿತ್ತು. ಗಿಲೆನ್ ಮರದ ಸೌಟಿನ ಹಿಡಿಯನ್ನು ಅಂಚಿನ ಸುತ್ತ ಆಡಿಸಿ, ಸ್ವಲ್ಪ ಸ್ವಲ್ಪವೇ ಬಿಡಿಸಿ, ಕೆಡದಿರಲೆಂದು ಒಳಗೆ ಹುದುಗಿಸಿಟ್ಟಿದ್ದ ಬಾತುಕೋಳಿಯ ತೊಡೆಗಳನ್ನು ಒಂದೊಂದಾಗಿ ಎತ್ತುತ್ತಿದ್ದಳು. ಎರಡು ಬಂದಿದ್ದವು. ಮೂರನೆಯದು ತಳದಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ಅವಸರ ಮಾಡಿದರೆ ಮೂಳೆ ಕೈಗೆ ಬರುತ್ತದೆ, ಮಾಂಸ ಅಲ್ಲೇ ಉಳಿಯುತ್ತದೆ. ಅವಳು ಮೊಣಕೈವರೆಗೆ ಕೈ ಇಳಿಸಿ, ಬೆರಳ ಬಿಸಿಗೆ ಕೊಬ್ಬು ಮೆತ್ತಗಾಗುವುದನ್ನು ಕಾದಳು.

ಇದು ಅತ್ತೆ ಜೆಲೀ ತುಂಬಿಟ್ಟ ಕೊನೆಯ ಭರಣಿ. ಹಿಂದಿನ ವರ್ಷದ ಚಳಿಗಾಲದಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಸ್ಟೂಲಿನ ಮೇಲೆ ಕೂತು ತೊಡೆಗಳಿಗೆ ಉಪ್ಪು ತಿಕ್ಕಿದವಳು ಅವಳೇ. ಅಕ್ಟೋಬರಿನಲ್ಲಿ, ದ್ರಾಕ್ಷಿ ಕೊಯ್ಲಿನ ಮಧ್ಯೆ, ಮಧ್ಯಾಹ್ನದ ನಿದ್ದೆಗೆಂದು ಮಲಗಿದವಳು ಏಳಲಿಲ್ಲ. ಮೊನ್ನೆ ಡಿಸೆಂಬರಿನಲ್ಲಿ ಗಿಲೆನ್ ಒಬ್ಬಳೇ ಹೊಸ ಭರಣಿಗಳನ್ನು ತುಂಬಿದ್ದಳು. ಆದರೂ ಇವತ್ತು ಕೈ ಹೋದದ್ದು ಹಳೆಯದಕ್ಕೇ. ಯಾಕೆಂದು ಅವಳು ತನ್ನನ್ನೇ ಕೇಳಿಕೊಂಡಿರಲಿಲ್ಲ.

ಬೀರುವಿನ ಮೇಲೆ, ಕಾಫಿ ಡಬ್ಬಿಯ ಅಡಿಯಲ್ಲಿ, ಒಂದು ಕಾಗದ ಮೂರು ದಿನದಿಂದ ಇತ್ತು. ಹಿಂದಿನ ದಿಬ್ಬದ ಮೇಲಿನ ಸಾವಿರದ ಇನ್ನೂರು ದ್ರಾಕ್ಷಿ ಗಿಡಗಳನ್ನು ಬೇರುಸಮೇತ ಕಿತ್ತುಹಾಕಲು ಸರ್ಕಾರಕ್ಕೆ ಕೊಡಬೇಕಾದ ಅರ್ಜಿ ಅದು. ತೋಟ ಮೂವರ ಹೆಸರಿನಲ್ಲಿದ್ದುದರಿಂದ ಮೂವರೂ ಸಹಿ ಹಾಕಬೇಕಿತ್ತು. ಗಂಡ ಬೆರ್ತ್ರಾಂ ಹಾಕಿದ್ದ. ಮೈದುನ ರೆಜಿಸ್ ಹಾಕಿದ್ದ. ಮೂರನೆಯ ಗೆರೆ, ಅವಳದು, ಖಾಲಿ ಇತ್ತು.

ಆ ದಿಬ್ಬವನ್ನು ನೆಟ್ಟವಳು ಜೆಲೀ. ಬೆರ್ತ್ರಾಂ ಹುಟ್ಟಿದ ವರ್ಷ, ಅವನನ್ನು ಬುಟ್ಟಿಯಲ್ಲಿ ಮಲಗಿಸಿ ಸಾಲಿನ ತುದಿಗಿಟ್ಟು, ತನ್ನ ತವರಿನ ತೋಟದಿಂದ ತಂದ ಕಡ್ಡಿಗಳನ್ನು ಒಂದೊಂದಾಗಿ ಊರಿದ್ದಳಂತೆ. ಇಡೀ ಮದಿರಾಂ ಸೀಮೆಯಲ್ಲಿ ಬೆಳೆಯುವ ಅದೇ 'ತನ್ನಾ' ಎಂಬ ಜಾತಿಯ ದ್ರಾಕ್ಷಿ, ಶಾಯಿಯಷ್ಟು ಕಪ್ಪು, ದಪ್ಪ ಸಿಪ್ಪೆ. ಆದರೆ ದಿಬ್ಬದ್ದು ಎಲ್ಲಕ್ಕಿಂತ ಬಿರುಸು.

ಮೂರನೆಯ ತೊಡೆ ಕೈಗೆ ಬಂತು. ನಾಲ್ಕನೆಯದು ಅದರ ಹಿಂದೆಯೇ ಜಾರಿಕೊಂಡು ಬಂತು. ಗಿಲೆನ್ ಅವನ್ನು ಬಾಣಲೆಯಲ್ಲಿ ಚರ್ಮದ ಮಗ್ಗುಲು ಕೆಳಗಾಗಿ ಜೋಡಿಸಿ, ಉರಿ ಹಚ್ಚದೆ ಬಿಟ್ಟು, ಕೈ ಒರೆಸಿಕೊಂಡು ಅಂಗಳ ದಾಟಿದಳು. ಹನ್ನೊಂದೂವರೆ. ಊಟಕ್ಕೆ ಎಷ್ಟು ಹೊತ್ತೆಂದು ಕೇಳಬೇಕಿತ್ತು.

ವೈನ್ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಗವಿಯಂತೆ ತಣ್ಣಗಿತ್ತು. ಪೋ ಪಟ್ಟಣದಿಂದ ಬಂದ ಸಲಹೆಗಾರ ಲಬಾರ್ತ್ ಕೋಟಿನ ಕಾಲರು ಎತ್ತಿಕೊಂಡು, ಗಾಜಿನ ನಳಿಗೆಯಿಂದ ಪೀಪಾಯಿಯ ವೈನ್ ಎಳೆದು ಮೂರು ಲೋಟಗಳಿಗೆ ಬಿಡುತ್ತಿದ್ದ. ನಲವತ್ತರ ತೆಳ್ಳನೆಯ ಮನುಷ್ಯ, ಒಳ್ಳೆಯವನೇ. ರುಚಿ ನೋಡುವವರ ಪದ್ಧತಿಯಂತೆ ವೈನನ್ನು ಬಾಯಲ್ಲಿ ಮುಕ್ಕಳಿಸಿ, ನುಂಗದೆ ಬಕೀಟಿಗೆ ಪಿಚಕ್ಕನೆ ಉಗುಳಿದ. ರೆಜಿಸ್ಸೂ ಉಗುಳಿದ. ಬೆರ್ತ್ರಾಂ ಉಗುಳುವುದನ್ನು ಇತ್ತೀಚೆಗೆ ಕಲಿತಿದ್ದ, ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಅರ್ಧ ಗಡ್ಡದ ಮೇಲೆ ಬಿತ್ತು.

"ಇದೇನಾ ದಿಬ್ಬದ್ದು?" ಎಂದ ಲಬಾರ್ತ್.

"ಇದೇ," ಎಂದ ಬೆರ್ತ್ರಾಂ. "ಅಮ್ಮ ಪೂರ್ತಿ ನೋಡಿದ ಕೊನೇ ಕೊಯ್ಲು. ಹದಿನಾರು ತಿಂಗಳು ಆಯ್ತು."

"ಹದಿನಾರು ತಿಂಗಳಾದ್ರೂ ನಾಲಿಗೆ ಮರಗಟ್ಟುತ್ತಲ್ಲ ಮಾರಾಯ. ಒಗರು ಇಳಿದೇ ಇಲ್ಲ. ಇದನ್ನ ಯಾರು ಕುಡೀತಾರೆ ಈ ಕಾಲದಲ್ಲಿ?"

"ನಮ್ಮಪ್ಪ ಕುಡೀತಿದ್ದ," ಎಂದ ರೆಜಿಸ್.

"ನಿಮ್ಮಪ್ಪ ಈಗ ಎಲ್ಲಿದಾರೆ?"

"ಚರ್ಚ್ ಹಿಂದೆ."

"ಅವರಿಗಂತೂ ಮಾರೋಕಾಗಲ್ಲ."

ಮೂವರೂ ನಕ್ಕರು. ಬೆರ್ತ್ರಾಂ ನಗುತ್ತಲೇ ಎಡ ಮಂಡಿ ಉಜ್ಜಿಕೊಂಡ. ಆ ದಿಬ್ಬಕ್ಕೆ ಯಂತ್ರ ಹತ್ತುವುದಿಲ್ಲ. ಪ್ರತಿಯೊಂದು ಗಿಡವನ್ನೂ ಕತ್ತರಿ ಹಿಡಿದು ಬಗ್ಗಿಯೇ ಸವರಬೇಕು, ಬಗ್ಗಿಯೇ ಕಟ್ಟಬೇಕು, ಬಗ್ಗಿಯೇ ಕೊಯ್ಯಬೇಕು. ಅವನ ಎರಡೂ ಮಂಡಿಗಳು ಸೋತಿವೆ. ಮೆಟ್ಟಿಲು ಇಳಿಯುವಾಗ ಅವನು ಗೋಡೆ ಹಿಡಿಯುವುದನ್ನು ಗಿಲೆನ್ ನೋಡಿದ್ದಾಳೆ, ನೋಡದವಳಂತೆ ತಿರುಗಿಕೊಂಡಿದ್ದಾಳೆ. ಹೆತ್ತತಾಯಿ ನೆಟ್ಟ ಗಿಡಗಳನ್ನು ಮಂಡಿನೋವಿಗಾಗಿ ಕಿತ್ತೆ ಎಂದು ಹೇಳಲು ಅವನಿಗೆ ಬಾಯಿ ಬಾರದು. ವೈನ್ ಚೆನ್ನಾಗಿಲ್ಲ ಎಂದು ಓದಿದವನೊಬ್ಬ ಹೇಳಿದರೆ ಎಲ್ಲವೂ ಸುಲಭ. ಇದು ಅವಳಿಗೆ ಅರ್ಥವಾಗುತ್ತಿತ್ತು. ಅರ್ಥವಾಗುತ್ತಿದ್ದುದರಿಂದಲೇ ಮೂರು ದಿನ ಬಾಯಿ ಬಿಟ್ಟಿರಲಿಲ್ಲ.

"ಗಿಲೆನ್, ಅಲ್ಲೇ ನಿಂತಿದೀಯಾ," ಎಂದ ಬೆರ್ತ್ರಾಂ. "ಒಂದು ಗಂಟೆಗೆ ಊಟ ಮಾಡೋಣ. ಆಮೇಲೆ ಆ ಕಾಗದಕ್ಕೊಂದು ಸಹಿ ಹಾಕ್ಬಿಡು. ಇವರೇ ತಗೊಂಡು ಹೋಗ್ತಾರೆ."

"ಸರಿ," ಎಂದಳು ಗಿಲೆನ್.

ಅವಳಿಗೆ ಯಾರೂ ಲೋಟ ಕೊಡಲಿಲ್ಲ. ಬೇಕೆಂದು ತಪ್ಪಿಸಿದ್ದಲ್ಲ, ಯಾರಿಗೂ ಹೊಳೆಯಲಿಲ್ಲ ಅಷ್ಟೆ. ಮೂವತ್ತೈದು ವರ್ಷದಿಂದ ಈ ಮನೆಯಲ್ಲಿ ವೈನಿನ ಮಾತು ಅಂಗಳದ ಆ ಕಡೆ, ಅಡುಗೆಯ ಮಾತು ಈ ಕಡೆ. ನಡುವೆ ಹತ್ತು ಹೆಜ್ಜೆ.

ಅಡುಗೆಮನೆಗೆ ಮರಳಿ ಅವಳು ಗರ್ಬೂರ್ ಎಂಬ ಗಟ್ಟಿ ಸಾರಿನ ಮುಚ್ಚಳ ತೆಗೆದಳು. ಎಲೆಕೋಸು, ಬಿಳಿ ಬೀನ್ಸ್ ಕಾಳು, ಕ್ಯಾರೆಟ್ಟು, ಒಣಗಿಸಿದ ಹಂದಿ ತೊಡೆಯ ಮೂಳೆ, ಎಲ್ಲ ಬೆಳಗಿನಿಂದ ಒಂದರಲ್ಲೊಂದು ಕರಗುತ್ತಿದ್ದವು. ಸೌಟು ನಿಲ್ಲಿಸಿದರೆ ನೆಟ್ಟಗೆ ನಿಂತಿತು. ಸೌಟು ನಿಲ್ಲದಿದ್ದರೆ ಅದು ಗರ್ಬೂರ್ ಅಲ್ಲ, ಆಸ್ಪತ್ರೆಯ ಗಂಜಿ ಎನ್ನುತ್ತಿದ್ದಳು ಜೆಲೀ.

ಈ ಮನೆಯ ಮೊದಲ ಊಟ ಅವಳಿಗೆ ನೆನಪಾಯಿತು. ಗಿಲೆನ್ ನಾರ್ಮಂಡಿಯವಳು. ಬೆಣ್ಣೆಯ ಸೀಮೆ, ಸೇಬಿನ ಮದ್ಯದ ಸೀಮೆ. ಇಪ್ಪತ್ತೆರಡು ವಯಸ್ಸು, ಮದುವೆಯಾಗಿ ನಾಲ್ಕು ದಿನ. ಮೇಜಿನ ಸುತ್ತ ಹನ್ನೊಂದು ಜನ ಗಂಡನ ಕಡೆಯವರು, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂಬ ಪುಕುಪುಕು. ಬಾಯಿ ಆರಿತ್ತು. ತಟ್ಟೆ ಬರುವ ಮೊದಲೇ ಎದುರಿಗಿದ್ದ ಲೋಟವನ್ನೆತ್ತಿ ನೀರು ಕುಡಿಯುವ ಹಾಗೆ ಒಂದು ದೊಡ್ಡ ಗುಟುಕು ನುಂಗಿಬಿಟ್ಟಳು. ಹಸಿ ಅಕ್ರೋಟಿನ ಸಿಪ್ಪೆ ಕಡಿದ ಹಾಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು, ಕಣ್ಣಲ್ಲಿ ನೀರು ಬಂತು. ಮುಖ ಕಿವುಚಿದ್ದನ್ನು ಹನ್ನೊಂದು ಜನವೂ ನೋಡಿದರು.

"ಬೆಣ್ಣೆ ಊರಿನವಳಿಗೆ ಇನ್ನೂ ಹಲ್ಲು ಬಂದಿಲ್ಲ ಕಣ್ರೋ," ಎಂದಿದ್ದ ರೆಜಿಸ್. ಆಗವನಿಗೆ ಇಪ್ಪತ್ತು. ಮೇಜಿಗೆ ಮೇಜೇ ನಕ್ಕಿತ್ತು.

ಜೆಲೀ ನಗಲಿಲ್ಲ. ತನ್ನ ತಟ್ಟೆಯಲ್ಲಿದ್ದ ಬಾತುಕೋಳಿ ತೊಡೆಯಿಂದ ಗರಿಗರಿ ಚರ್ಮ, ಕೊಬ್ಬು, ಮಾಂಸ ಮೂರೂ ಸೇರಿದ ಒಂದು ತುಂಡು ಕತ್ತರಿಸಿ, ಫೋರ್ಕಿನ ತುದಿಯಲ್ಲಿ ಹಿಡಿದು, ಹೊಸ ಸೊಸೆಯ ಬಾಯಿಗೇ ಇಟ್ಟಳು.

"ಅಗಿ. ನುಂಗಬೇಡ. ಚೆನ್ನಾಗಿ ಅಗಿ. ಈಗ ಕುಡಿ."

ಗಿಲೆನ್ ಕುಡಿದಳು. ಅದೇ ಲೋಟ, ಅದೇ ವೈನ್. ಆದರೆ ಒಗರು ಎಲ್ಲಿ ಹೋಯಿತೋ, ಬಾಯಿಯ ತುಂಬ ಕಪ್ಪು ಹಣ್ಣಿನ ಘಮ ಹರಡಿತು. ಕೊಬ್ಬಿನ ಜಿಡ್ಡೂ ಇರಲಿಲ್ಲ. ಒಂದನ್ನೊಂದು ತೊಳೆದು ಹಾಕಿದಂತೆ.

"ಈ ವೈನಿಗೆ ಹಲ್ಲಿದೆ ಹುಡುಗಿ," ಎಂದಿದ್ದಳು ಜೆಲೀ. "ಕಚ್ಚೋಕೆ ಅದಕ್ಕೆ ಏನಾದ್ರೂ ಕೊಡ್ಬೇಕು. ಕೊಡ್ಲಿಲ್ಲ ಅಂದ್ರೆ ನಿನ್ನನ್ನೇ ಕಚ್ಚುತ್ತೆ."

ಆಮೇಲೆ ಐವತ್ತು ದಾಟಿದರೂ ಜೆಲೀಗೆ ಅವಳು ಹುಡುಗಿಯೇ.

ಇನ್ನೊಂದು ಸಂಗತಿಯನ್ನು ಮಾತ್ರ ಗಿಲೆನ್ ಯಾರಿಗೂ ಹೇಳಿದವಳಲ್ಲ. ಗರ್ಬೂರ್ ಮುಗಿಯುತ್ತ ಬಂದಾಗ ಗಂಡಸರು ಬಟ್ಟಲಿನ ತಳದಲ್ಲಿ ಎರಡು ಚಮಚೆಯಷ್ಟು ಬಿಸಿ ಸಾರು ಉಳಿಸಿ, ಅದಕ್ಕೆ ಕೆಂಪು ವೈನ್ ಸುರಿದು, ತಿರುಗಿಸಿ, ಎರಡೂ ಕೈಯಲ್ಲಿ ಬಟ್ಟಲೆತ್ತಿ ಕುಡಿಯುತ್ತಾರೆ. ಶಾಬ್ರೋ ಎನ್ನುತ್ತಾರೆ ಅದಕ್ಕೆ. ಮೀಸೆಯೆಲ್ಲ ಒದ್ದೆಯಾಗಬೇಕು, ಸದ್ದು ಬರಬೇಕು. ಹೆಂಗಸರು ಮೇಜಿನಲ್ಲಿ ಹಾಗೆ ಮಾಡುವುದಿಲ್ಲ. ಮಾಡಬಾರದು ಎಂದು ಯಾರೂ ಹೇಳಿಲ್ಲ, ಮಾಡಿದವರನ್ನು ಯಾರೂ ನೋಡಿಲ್ಲ. ಮದುವೆಯಾದ ವರ್ಷದ ಒಂದು ಮಧ್ಯಾಹ್ನ, ಗಂಡಸರೆಲ್ಲ ತೋಟಕ್ಕೆ ಹೋದ ಮೇಲೆ, ಗಿಲೆನ್ ತಟ್ಟೆಗಳನ್ನು ಹೊತ್ತು ಅಡುಗೆಮನೆಗೆ ಬಂದರೆ, ಅತ್ತೆ ಒಲೆಯ ಪಕ್ಕ ಗೋಡೆಗೆ ಮುಖ ಮಾಡಿ ನಿಂತು, ಎರಡು ಕೈಯಲ್ಲಿ ಬಟ್ಟಲೆತ್ತಿ ಕುಡಿಯುತ್ತಿದ್ದಳು.

ತಿರುಗಿ ನೋಡಿದ ಜೆಲೀಯ ಮೇಲ್ದುಟಿಯ ಮೇಲೆ ನೇರಳೆ ಮೀಸೆ.

"ಏನ್ ನೋಡ್ತಾ ಇದೀಯ? ನಿನ್ ಬಟ್ಟಲು ತಾ."

ಅಲ್ಲಿಂದ ಮೂವತ್ತೈದು ವರ್ಷ, ಗರ್ಬೂರ್ ಮಾಡಿದ ದಿನವೆಲ್ಲ, ಗಂಡಸರು ಎದ್ದು ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ನಿಂತು ಕುಡಿದರು. ಆ ಐದು ನಿಮಿಷದಲ್ಲಿ ಏನೆಲ್ಲ ಮಾತಾಡಿದ್ದರು. ಗಿಲೆನ್‌ಗೆ ಎರಡನೆಯ ಬಸಿರು ನಿಲ್ಲದೆ ಹೋದಾಗ, ಜೆಲೀ ತನಗೂ ಹಾಗೆ ಎರಡು ಹೋದವೆಂದು ಹೇಳಿದ್ದು ಅಲ್ಲಿ. ಬದುಕಿದ್ದಾಗ ಮಾವ ಒಮ್ಮೆಯೂ ಹೆಂಡತಿಯನ್ನು ಹೆಸರು ಹಿಡಿದು ಕರೆಯಲಿಲ್ಲವೆಂದು ಹೇಳಿದ್ದೂ ಅಲ್ಲಿ. ಇಡೀ ದಿಬ್ಬ ನೆಟ್ಟ ಮೇಲೆ ಅವನು ಸಾಲುಗಳನ್ನು ನೋಡಿ, ನೆಟ್ಟಗಿಲ್ಲ ಎಂದಷ್ಟೇ ಅಂದನಂತೆ. "ನೆಟ್ಟಗಿಲ್ಲ ಸರಿ, ಇವತ್ತಿಗೂ ಬದುಕಿದಾವಲ್ಲ," ಎಂದು ಜೆಲೀ ಬಟ್ಟಲಿನೊಳಗೆ ನಕ್ಕಿದ್ದಳು. ಅಕ್ಟೋಬರಿನಿಂದ ಈಚೆಗೆ ಗಿಲೆನ್ ಶಾಬ್ರೋ ಮಾಡಿಲ್ಲ. ಬಟ್ಟಲಿನಲ್ಲಿ ಉಳಿದದ್ದನ್ನು ಕೋಳಿಗಳಿಗೆ ಚೆಲ್ಲುತ್ತಾಳೆ.

ಕಾಗದದ ಕಡೆ ನೋಡಿದಳು. ಮೂರು ದಿನದಿಂದ ಅವಳನ್ನು ಕೊರೆಯುತ್ತಿದ್ದುದು ಒಂದೇ ಪ್ರಶ್ನೆ. ತಾನು ಉಳಿಸಬೇಕೆನ್ನುತ್ತಿರುವುದು ಆ ವೈನನ್ನೋ, ಆ ಮುದುಕಿಯನ್ನೋ? ವೈನ್ ನಿಜಕ್ಕೂ ಚೆನ್ನಾಗಿಲ್ಲದಿದ್ದರೆ, ಸತ್ತವಳ ನೆನಪಿಗೆಂದು ಬದುಕಿರುವವನ ಮಂಡಿಯನ್ನು ಸವೆಸುವುದು ಯಾವ ನ್ಯಾಯ? ತನ್ನ ನಾಲಿಗೆಯನ್ನು ಅವಳು ನಂಬುವ ಹಾಗಿರಲಿಲ್ಲ. ಆ ಪೀಪಾಯಿಯದು ಒಂದು ತೊಟ್ಟು ಬಿದ್ದರೂ ಅದು ಜೆಲೀಯನ್ನೇ ನೆನೆಯುತ್ತದೆ.

ಹಾಗಾದರೆ ನಂಬಬಹುದಾದ ನಾಲಿಗೆಗಳು ಯಾವುವು?

ಮೂವರು ಗಂಡಸರು ಲಬಾರ್ತ್‌ನ ಕಾರಿನ ಹತ್ತಿರ ನಿಂತು ಸಿಗರೇಟು ಸೇದುತ್ತಿದ್ದರು. ಗಿಲೆನ್ ಎರಡು ಮಣ್ಣಿನ ಹೂಜಿಗಳನ್ನು ತೆಗೆದುಕೊಂಡು ಅವರ ಹಿಂದಿನಿಂದಲೇ ವೈನ್ ಮನೆಗೆ ಹೋದಳು. ದಿನಾ ಊಟಕ್ಕೆ ಮೂರನೆಯ ತೊಟ್ಟಿಯ ಮೆದು ವೈನ್ ತರುವವಳು ಅವಳೇ, ಯಾರೂ ತಿರುಗಿ ನೋಡಲಿಲ್ಲ. ಮೂರನೆಯ ತೊಟ್ಟಿಯನ್ನು ದಾಟಿ ಮೂಲೆಯಲ್ಲಿದ್ದ ದಿಬ್ಬದ ವೈನಿನ ಪೀಪಾಯಿಯ ಮುಂದೆ ಕೂತು, ಅದರ ಮರದ ನಲ್ಲಿ ತಿರುಗಿಸಿದಳು. ಕಪ್ಪಗೆ, ಸದ್ದಿಲ್ಲದೆ ಇಳಿಯಿತು. ಊಟದಲ್ಲಿ ಅವರು ಇದನ್ನು ಲೋಟದಲ್ಲಿ ಉಳಿಸಿದರೆ ಸಹಿ ಹಾಕುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಒಬ್ಬ ಉಳಿಸಿದರೂ ಸಾಕು. ಮತ್ತೆ ಆ ಮಾತೆತ್ತುವುದಿಲ್ಲ.

ಹೂಜಿಗಳನ್ನು ಒಲೆಯ ಹತ್ತಿರ, ತೀರ ಹತ್ತಿರವಲ್ಲ, ಚಳಿ ಬಿಡುವಷ್ಟು ದೂರದಲ್ಲಿ ಇಟ್ಟು, ಬಾಣಲೆಗೆ ಉರಿ ಹಚ್ಚಿದಳು.

ಒಂದು ಗಂಟೆಗೆ ಎಲ್ಲರೂ ಕೂತರು. ಕಿಟಕಿಯಲ್ಲಿ ಪಿರೆನೀಸ್ ಬೆಟ್ಟಗಳು ಕೈಗೆಟುಕುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು.

"ಬೆಟ್ಟ ಇಷ್ಟು ಹತ್ರ ಬಂದ್ರೆ ನಾಳೆ ಮಳೆ," ಎಂದ ರೆಜಿಸ್.

"ಟೀವೀಲಿ ಒಣಹವೆ ಅಂದ್ರಲ್ಲ," ಎಂದ ಲಬಾರ್ತ್.

"ಟೀವಿಯವರ ಮನೆ ಕಿಟಕೀಲಿ ಬೆಟ್ಟ ಕಾಣಲ್ಲ ಮೆಸ್ಯೂ."

ಗಿಲೆನ್ ಗರ್ಬೂರ್ ಬಡಿಸಿದಳು. ಹೂಜಿಯನ್ನು ಮೇಜಿನ ನಡುವೆ ಇಟ್ಟಳು. ಬೆರ್ತ್ರಾಂ ಎಲ್ಲರಿಗೂ ಸುರಿದ. ಅವಳು ಬೇಕೆಂದೇ ಬ್ರೆಡ್ ಕತ್ತರಿಸಲು ಬೆನ್ನು ತಿರುಗಿಸಿದಳು. ಹಿಂದೆ ಚಮಚೆಗಳ ಸದ್ದು, ಊದುವ ಸದ್ದು. ಬ್ರೆಡ್ಡಿನ ನಾಲ್ಕನೆಯ ಹೋಳು ಬೇಕಾದದ್ದಕ್ಕಿಂತ ದಪ್ಪಗಾಯಿತು.

"ಯಾಕೆ ರೆಜಿಸ್, ಉಸಿರೇ ಇಲ್ಲ?" ಎಂದಳು ತಿರುಗದೆಯೇ.

"ಬಾಯಿ ತುಂಬಿದೆ ಅತ್ತಿಗೆ. ಮೂವತ್ತೈದು ವರ್ಷಕ್ಕೆ ಬೆಣ್ಣೆ ಊರಿನವಳು ಗರ್ಬೂರ್ ಕಲಿತಳು ನೋಡಿ ಮೆಸ್ಯೂ. ಇನ್ನೊಂದು ಇಪ್ಪತ್ತು ವರ್ಷ ಬಿಟ್ರೆ ನಮ್ಮ ಹಾಗೆ ಮಾತಾಡೋದನ್ನೂ ಕಲೀತಾಳೆ."

"ನಿನ್ನ ಹಾಗೆ ಮಾತಾಡೋಕೆ ಕಲಿಯೋದೇನಿದೆ. ಬಾಯಿ ತೆರೆದಿಟ್ರೆ ಆಯ್ತು."

ಲಬಾರ್ತ್ ನಕ್ಕು ಕೆಮ್ಮಿದ, ಕೆಮ್ಮು ನಿಲ್ಲಲು ಲೋಟ ಎತ್ತಿದ. ಗಿಲೆನ್ ಈಗ ತಿರುಗಿದಳು. ಅವನು ಕುಡಿದ. ಉಗುಳಲು ಮೇಜಿನ ಪಕ್ಕ ಬಕೀಟು ಇರಲಿಲ್ಲ. ನುಂಗಿದ. ಲೋಟ ಕೆಳಗಿಡುವ ಬದಲು ಇನ್ನೊಂದು ಗುಟುಕು ಕುಡಿದು, ಮತ್ತೆ ಚಮಚೆ ಎತ್ತಿಕೊಂಡ.

ಬಟ್ಟಲುಗಳ ತಳ ಕಂಡಾಗ ಬೆರ್ತ್ರಾಂ ಹೂಜಿಗೆ ಕೈ ಹಾಕಿದ. ಉಳಿದ ಸಾರಿನ ಮೇಲೆ ಸುರಿದ, ಬಟ್ಟಲನ್ನು ಎರಡು ಸುತ್ತು ತಿರುಗಿಸಿದ. ರೆಜಿಸ್ಸೂ ಹಾಗೇ ಮಾಡಿದ. ಪೋ ಪಟ್ಟಣದವನು ಸ್ವಲ್ಪ ಹಿಂಜರಿದ.

"ನಮ್ಮ ತಾತ ಮಾಡ್ತಿದ್ರು," ಎಂದ. "ನಾನು ಮಾಡಿ ಎಷ್ಟೋ ವರ್ಷ ಆಯ್ತು. ಅಂಗಿ ಬಿಳೀದು."

"ಅಂಗಿ ಒಗೀಬಹುದು," ಎಂದ ರೆಜಿಸ್.

ಮೂರು ಬಟ್ಟಲುಗಳು ಒಟ್ಟಿಗೆ ಮೇಲೆದ್ದವು. ಮೂರು ಮುಖಗಳು ಮರೆಯಾದವು. ಬಟ್ಟಲು ಇಳಿಸಿದಾಗ ಬೆರ್ತ್ರಾಂ ಕಣ್ಣು ಮುಚ್ಚಿಕೊಂಡಿದ್ದ. ಗಿಲೆನ್ ಅವನ ಮುಖವನ್ನೇ ನೋಡಿದಳು. ಗುರುತು ಹಿಡಿದನೇ? ಹಿಡಿಯಲಿ ಎಂದು ಒಂದು ಮನಸ್ಸು, ಬೇಡ ಎಂದು ಇನ್ನೊಂದು.

"ಅಮ್ಮ ಇದ್ದಾಗ ಹೀಗೇ ಇರ್ತಿತ್ತು," ಎಂದ ಅವನು. "ಗರ್ಬೂರ್."

"ಸಾರಿನ ಮೂಳೆ ಹಳೇದು," ಎಂದಳು ಗಿಲೆನ್.

ಬಾತುಕೋಳಿ ಬಂತು. ಚರ್ಮ ಚಾಕುವಿನ ಕೆಳಗೆ ಒಣಎಲೆಯಂತೆ ಮುರಿಯಿತು. ಅದೇ ಕೊಬ್ಬಿನಲ್ಲಿ ಬೆಳ್ಳುಳ್ಳಿ ಹಾಕಿ ಹುರಿದ ಆಲೂಗಡ್ಡೆ. ಮೊದಲ ಹೂಜಿ ಮುಗಿಯಿತು. ಎರಡನೆಯದನ್ನು ಲಬಾರ್ತ್ ತಾನೇ ಕೈ ಚಾಚಿ ತೆಗೆದುಕೊಂಡ. ಅವನ ಕೆನ್ನೆಗೆ ಬಣ್ಣ ಬಂದಿತ್ತು, ಕೋಟು ಕುರ್ಚಿಯ ಬೆನ್ನಿಗೆ ಹೋಗಿತ್ತು.

"ಬೆರ್ತ್ರಾಂ, ಇದು ಯಾವ ತೊಟ್ಟೀದು?"

"ಮೂರನೇದು. ದಿನಾ ಕುಡಿಯೋದು ಅದೇ. ಅಲ್ವಾ ಗಿಲೆನ್?"

"ಕೈಗೆ ಸಿಕ್ಕಿದ್ದು ತಂದೆ," ಎಂದಳು. ಅದು ಸುಳ್ಳಾಗಿರಲಿಲ್ಲ, ನಿಜವೂ ಆಗಿರಲಿಲ್ಲ.

"ನೋಡಿ, ನಾನು ಬೆಳಗ್ಗೆಯಿಂದ ಬಡ್ಕೊತಾ ಇರೋದು ಇದನ್ನೇ," ಎಂದು ಲಬಾರ್ತ್ ಲೋಟವನ್ನು ಬೆಳಕಿಗೆ ಹಿಡಿದ. "ಇದರಲ್ಲಿ ಕಸು ಇದೆ, ಆದ್ರೆ ಜಗಳ ಇಲ್ಲ. ಬಾಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ ನೋಡಿ. ಇಂಥದ್ದು ಮಾಡಿ. ಆ ದಿಬ್ಬದ್ದನ್ನ ಮರೆತುಬಿಡಿ."

"ಮರೆತಾಯ್ತಲ್ಲ," ಎಂದ ರೆಜಿಸ್. ಆದರೆ ಅವನು ತನ್ನ ಲೋಟವನ್ನು ಮೂಗಿನ ಹತ್ತಿರ ಸ್ವಲ್ಪ ಹೆಚ್ಚೇ ಹೊತ್ತು ಹಿಡಿದುಕೊಂಡ. ಏನೋ ಹೇಳಲು ಹೊರಟವನಂತೆ ಅತ್ತಿಗೆಯ ಕಡೆ ನೋಡಿದ. ಅವಳು ಆಲೂಗಡ್ಡೆಯ ತಟ್ಟೆ ಮುಂದೆ ಮಾಡಿದಳು. ಅವನು ಆಲೂಗಡ್ಡೆ ಬಡಿಸಿಕೊಂಡ.

ಕೊನೆಗೆ ಬೆಟ್ಟದ ಕುರಿಹಾಲಿನ ಗಟ್ಟಿ ಚೀಸು, ಕಪ್ಪು ಚೆರ್ರಿಯ ಜಾಮು. ಅದರೊಡನೆ ಎರಡನೆಯ ಹೂಜಿಯೂ ತಳ ಕಂಡಿತು. ಅವರು ಮಾತಾಡಿದ್ದು ರಗ್ಬಿ, ಊರಿನ ಹೊಸ ರಸ್ತೆ, ರೆಜಿಸ್‌ನ ನಾಯಿ. ವೈನಿನ ಮಾತು ಮತ್ತೆ ಬರಲಿಲ್ಲ. ಬಾರದೆ ಇದ್ದದ್ದನ್ನೂ ಗಿಲೆನ್ ಗಮನಿಸಿದಳು. ಮಾತು ಬೇಕಿಲ್ಲದ ಹಾಗೆ ಅದು ಊಟದ ಒಳಗೆ ಸೇರಿಹೋಗಿತ್ತು.

ಮೂರು ಲೋಟಗಳೂ ಖಾಲಿ.

"ಮದಾಮ್, ಆ ಕಾಗದ," ಎಂದ ಲಬಾರ್ತ್ ಎದ್ದು ಕೋಟು ಹಾಕಿಕೊಳ್ಳುತ್ತ.

ಗಿಲೆನ್ ಎರಡೂ ಅಂಗೈ ತೋರಿಸಿದಳು. ಬಾಣಲೆ ಎತ್ತಿದ ಕೈಗಳು ಮಣಿಕಟ್ಟಿನವರೆಗೆ ಜಿಡ್ಡಾಗಿ ಹೊಳೆಯುತ್ತಿದ್ದವು. "ಈಗ ಮುಟ್ಟಿದ್ರೆ ಸರ್ಕಾರಕ್ಕೂ ಬಾತುಕೋಳಿ ವಾಸನೆ ಹೋಗುತ್ತೆ."

"ತಿಂಗಳ ಕೊನೆ ಒಳಗೆ ತಲುಪಬೇಕು ಅಷ್ಟೆ."

"ಅವಳು ಅಂಚೆಗೆ ಹಾಕ್ತಾಳೆ ಬಿಡಿ," ಎಂದ ಬೆರ್ತ್ರಾಂ. ಅವನು ಗೋಡೆ ಹಿಡಿದು ಎದ್ದ. "ಬನ್ನಿ, ಮಳೆ ಬರೋಕೆ ಮುಂಚೆ ದಿಬ್ಬದ ಅಳತೆ ತೋರಿಸ್ತೀನಿ. ಈ ಸಲ ಅಲ್ಲಿ ಸವರೋ ಕೆಲಸಾನೂ ಇಲ್ಲ. ಕೀಳೋ ಗಿಡಕ್ಕೆ ಯಾಕೆ ಕತ್ತರಿ."

ಮೂವರ ಮಾತು ಅಂಗಳ ದಾಟಿ ದೂರವಾಯಿತು.

ಗಿಲೆನ್ ಮೇಜು ತೆಗೆಯಲು ತೊಡಗಿದಳು. ಅವಳ ಬಟ್ಟಲಿನಲ್ಲಿ ಗರ್ಬೂರ್ ಒಂದಿಷ್ಟು ಉಳಿದಿತ್ತು, ಆರಿತ್ತು. ಒಲೆಯ ಮೇಲಿನ ಪಾತ್ರೆಯಿಂದ ಬಿಸಿಯದು ಎರಡು ಚಮಚೆ ಹಾಕಿಕೊಂಡಳು. ಬಡಿಸುವ ಗಡಿಬಿಡಿಯಲ್ಲಿ ಮುಟ್ಟದೇ ಉಳಿದಿದ್ದ ತನ್ನ ಲೋಟದ ವೈನನ್ನು ಅದಕ್ಕೆ ಸುರಿದಳು. ಸಾರಿನ ಮೇಲೆ ತೇಲುತ್ತಿದ್ದ ಕೊಬ್ಬಿನ ಕಣ್ಣುಗಳು ನೇರಳೆಯಾಗಿ, ಒಡೆದು, ಮತ್ತೆ ಕೂಡಿಕೊಂಡವು. ಒಲೆಯ ಪಕ್ಕ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು.

ಅಲ್ಲಿ ಪಕ್ಕದಲ್ಲಿ ಯಾರೂ ಇರಲಿಲ್ಲ. ಗೋಡೆಯ ಮೇಲೆ ಹೊಗೆಯ ಕಲೆ ಇತ್ತು, ಜೆಲೀಯ ಭುಜ ತಾಗಿ ತಾಗಿ ಸುಣ್ಣ ನುಣುಪಾದ ಒಂದು ಜಾಗವಿತ್ತು.

ಅವಳು ಬಟ್ಟಲನ್ನು ಹಿಡಿದುಕೊಂಡೇ ಮೇಜಿಗೆ ಮರಳಿದಳು. ಕುರ್ಚಿ ಎಳೆದು ಕೂತಳು. ಎರಡೂ ಕೈಯಲ್ಲಿ ಬಟ್ಟಲೆತ್ತಿದಳು. ಮೊದಲು ಬಂದದ್ದು ಬಿಸಿ, ಆಮೇಲೆ ಉಪ್ಪು, ಎಲೆಕೋಸಿನ ಸಿಹಿ, ಎಲ್ಲದರ ಹಿಂದೆ ಆ ಕಪ್ಪು ಹಣ್ಣು. ಕಡೆಯಲ್ಲಿ ನಾಲಿಗೆಯ ಅಂಚಿಗೆ ಸಣ್ಣಗೆ ಒಗರು. ಕಚ್ಚಲಿಲ್ಲ. ಹಲ್ಲಿದೆ ಎಂದು ನೆನಪಿಸಿತು ಅಷ್ಟೆ. ಜೆಲೀ ನೆನಪಾದಳು, ಖಂಡಿತ. ಆದರೆ ಪಟ್ಟಣದ ಮನುಷ್ಯನಿಗೆ ಜೆಲೀ ಯಾರೆಂದೇ ಗೊತ್ತಿರಲಿಲ್ಲ, ಅವನ ಲೋಟವೂ ಖಾಲಿಯಾಗಿತ್ತು.

ಗಂಡನಿಗೆ ಹೇಳಬಹುದಿತ್ತು. ಈಗಲೇ ಓಡಿಹೋಗಿ, ನೀವು ಹೊಗಳಿದ್ದು ಇದನ್ನೇ ಎಂದು ಮೂವರ ಮುಂದೆ ಹೇಳಬಹುದಿತ್ತು. ಲಬಾರ್ತ್ ಪೆಚ್ಚಾಗುತ್ತಿದ್ದ, ರೆಜಿಸ್ ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ನಗುತ್ತಿದ್ದ. ಆದರೆ ಬೆರ್ತ್ರಾಂಗೆ ಉಳಿಯುತ್ತಿದ್ದುದು ಅವನ ಮಂಡಿಗಳೇ. ವೈನ್ ಚೆನ್ನಾಗಿದೆ ಎಂದಾದರೆ, ಅದನ್ನು ಹೊರಲಾಗದವನು ತಾನು ಎಂದು ಅವನು ಎಲ್ಲರ ಎದುರು ಒಪ್ಪಿಕೊಳ್ಳಬೇಕಾಗುತ್ತಿತ್ತು. ಅಷ್ಟು ದೊಡ್ಡ ತುತ್ತನ್ನು ಅವನ ಬಾಯಿಗೆ ತುರುಕಲು ಅವಳಿಗೆ ಮನಸ್ಸು ಬರಲಿಲ್ಲ.

ಕಿಟಕಿಯ ಆಚೆ ದಿಬ್ಬದ ಮೇಲೆ ಮೂರು ಸಣ್ಣ ಆಕೃತಿಗಳು ಟೇಪು ಹಿಡಿದು ನಿಂತಿದ್ದವು. ಸವರದ ಗಿಡಗಳು ಕೆದರಿದ ತಲೆಗಳಂತೆ ಕಾಣುತ್ತಿದ್ದವು. ಸಾಲು ನೆಟ್ಟಗಿರಲಿಲ್ಲ. ಸಾವಿರದ ಇನ್ನೂರು. ಅವಳಿಗೆ ಐವತ್ತೇಳು, ಮಂಡಿಗಳು ಇನ್ನೂ ಮಾತು ಕೇಳುತ್ತಿವೆ. ಬೆಳಗಿನ ಹೊತ್ತು ಬಗ್ಗಿದರೆ ದಿನಕ್ಕೆ ನೂರು ಗಿಡ. ಹನ್ನೆರಡು ದಿನ. ಮಳೆಯ ದಿನಗಳನ್ನು ಬಿಟ್ಟರೂ, ವಸಂತದಲ್ಲಿ ಗಿಡಕ್ಕೆ ರಸ ಏರುವ ಮೊದಲು ಮುಗಿದೀತು. ಸವರಿ ಕಟ್ಟಿದ ಗಿಡವನ್ನು ಕೀಳಲು ಈ ಸೀಮೆಯ ಯಾವ ಗಂಡಸಿಗೂ ಕೈ ಬರುವುದಿಲ್ಲ. ಬೆರ್ತ್ರಾಂಗಂತೂ ಬಾರದು.

ಅವಳು ಬಟ್ಟಲು ತೊಳೆದಳು. ಕಾಫಿ ಡಬ್ಬಿಯನ್ನು ಎತ್ತಿ ಕಾಗದವನ್ನು ತೆಗೆದಳು. ಹರಿಯಲಿಲ್ಲ. ನಾಲ್ಕಾಗಿ ಮಡಿಸಿ, ಬೀರುವಿನ ಕೆಳಗಿನ ಸೆಳೆಖಾನೆ ಎಳೆದಳು. ಅಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ, ಜೆಲೀ ಗಿಡ ಸವರುತ್ತಿದ್ದ ಕತ್ತರಿ ಇತ್ತು, ಹಿಡಿಗೆ ಕೆಂಪು ದಾರ ಸುತ್ತಿದ್ದು. ಕಾಗದವನ್ನು ಒಳಗಿಟ್ಟು ಕತ್ತರಿಯನ್ನು ಹೊರಗೆ ತೆಗೆದಳು. ಅದರ ಬಾಯಿ ತೆರೆದು ಮುಚ್ಚಿ ನೋಡಿದಳು. ಸ್ವಲ್ಪ ಬಿಗಿಯಾಗಿತ್ತು. ಭರಣಿಯ ಅಂಚಿನಲ್ಲಿ ಉಳಿದಿದ್ದ ಕೊಬ್ಬನ್ನು ಬೆರಳಲ್ಲಿ ತೆಗೆದು ಅದರ ತಿರುಗಣಿಗೆ ಸವರಿದಳು.

ಅಂಗಳದಲ್ಲಿ ಕಾರು ಹೊರಟ ಸದ್ದಾಯಿತು. ಬೆರ್ತ್ರಾಂ ಬಾಗಿಲಿಗೆ ಬಂದು ಬೂಟಿನ ಮಣ್ಣು ಕೆರೆದುಕೊಂಡ.

"ಕಾಫಿ ಇದೆಯಾ?"

"ಇಡ್ತೀನಿ, ಕೂತ್ಕೋ," ಎಂದಳು ಗಿಲೆನ್. ಕತ್ತರಿ ಆಗಲೇ ಅವಳ ಏಪ್ರನ್ನಿನ ಜೇಬಿನಲ್ಲಿತ್ತು.